ಲಕ್ಷ್ಮಯ್ಯನವರ ಕಿವುಡು

ಲಕ್ಷ್ಮಯ್ಯನವರಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮಾಕಳಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಚೆನ್ನಾಗಿಯೇ ಕೇಳಿಸುತ್ತದೆ ಎಂಬುದು ಲಕ್ಷ್ಮಯ್ಯನವರೊಬ್ಬರಿಗೇ ಗೊತ್ತಿತ್ತು.

ಅದೇನು ಹುಟ್ಟಿನಿಂದ ಬಂದ ಕಿವುಡಲ್ಲ, ಕಟ್ಟಡದ ಜೊತೆ ಬಂದದ್ದು. ತುಮಕೂರು ರಸ್ತೆಯ ಮಗ್ಗುಲಿನ ರಾಗಿ ಹೊಲದಲ್ಲಿ ನಾಲ್ಕು ಮಹಡಿ ಎಬ್ಬಿಸಿ, ಮೇಲೆಲ್ಲ ಬಾಡಿಗೆಗೆ ಬಿಟ್ಟು, ಕೆಳಗೆ ತಾವು ಹೆಂಡತಿಯೊಂದಿಗೆ ಇದ್ದುಕೊಂಡು, ಇನ್ನು ಕಾಲು ಚಾಚಿ ಕೂರೋಣ ಎಂದುಕೊಂಡಿದ್ದರು ಪಾಪ. ಕೂರಲು ಬಿಟ್ಟರೆ ತಾನೆ? ಬೆಳಗಾದರೆ ಬಾಗಿಲಲ್ಲಿ ಬಾಡಿಗೆದಾರರು. ‘ಅಂಕಲ್, ನೀರು ಬರ್ತಿಲ್ಲ.’ ‘ಅಂಕಲ್, ಮೇಲಿನ ಮನೆಯವ್ರು ದಡದಡ ಅಂತ ಓಡಾಡ್ತಾರೆ.’ ‘ಅಂಕಲ್, ನನ್ ಗಾಡಿಗೆ ಅಡ್ಡ ಯಾರೋ ಗಾಡಿ ನಿಲ್ಸಿದಾರೆ.’ ಹೊಲಕ್ಕೆ ಹಂದಿ ನುಗ್ಗದಂತೆ ಕಾಯುವಾಗಲೂ ಲಕ್ಷ್ಮಯ್ಯನವರಿಗೆ ಇಷ್ಟು ಗೋಳಿರಲಿಲ್ಲ.

ಒಂದು ಸಲ ನೆಗಡಿಯಾಗಿ ಎರಡೂ ಕಿವಿ ಕಟ್ಟಿಕೊಂಡಿದ್ದವು. ಮೂರನೇ ಮಹಡಿಯ ಹುಡುಗನೊಬ್ಬ ಬಂದು ನೀರಿನಲ್ಲಿ ಹುಳ ಬರುತ್ತಿದೆ ಎಂದ. ಇವರು ‘ಆ?’ ಎಂದರು. ಅವನು ಮತ್ತೆ ಹೇಳಿದ. ಇವರು ಮತ್ತೆ ‘ಆ?’ ಎಂದರು. ಅವನು ನಲ್ಲಿ ತಿರುಗಿಸಿ, ಹುಳ ಹರಿದಾಡುವಂತೆ ಬೆರಳು ಕುಣಿಸಿ ತೋರಿಸಿದ. ‘ಡ್ಯಾನ್ಸ್ ಕಲೀತಿದೀಯಾ? ಕಲಿ, ಕಲಿ’ ಎಂದು ಇವರು ಬೆನ್ನು ತಟ್ಟಿದರು. ಅವನು ಹಣೆ ಚಚ್ಚಿಕೊಂಡು ಮೆಟ್ಟಿಲು ಹತ್ತಿ ಹೋಗಿಬಿಟ್ಟ. ಆಹಾ, ಆಗ ಅಂಗಳದಲ್ಲಿ ನೆಲೆಸಿದ ಶಾಂತಿಯೇ ಶಾಂತಿ! ನೆಗಡಿ ನಾಲ್ಕು ದಿನಕ್ಕೆ ಹೋಯಿತು. ಕಿವುಡನ್ನು ಲಕ್ಷ್ಮಯ್ಯನವರು ಇಟ್ಟುಕೊಂಡರು.

ಅಲ್ಲಿಂದಾಚೆ ನೀರು, ಮೋಟಾರು, ಗಾಡಿ, ಜಗಳ ಎಲ್ಲ ಹೆಂಡತಿ ಭದ್ರಮ್ಮನ ಪಾಲಿಗೆ ಬಂತು. ಪ್ಲಂಬರ್‌ನನ್ನು ಕರೆಯುವುದು ಭದ್ರಮ್ಮ, ಕಸದವರ ಹತ್ತಿರ ಬೈಸಿಕೊಳ್ಳುವುದು ಭದ್ರಮ್ಮ. ಲಕ್ಷ್ಮಯ್ಯನವರು ಗೇಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಪೇಪರು ಹಿಡಿದು ಕೂತು, ಬಂದವರಿಗೆಲ್ಲ ಒಳಗೆ ಹೋಗಿ ಎಂದು ಕೈ ತೋರಿಸುತ್ತಿದ್ದರು. ಅತ್ತಿಬೆಲೆಗೆ ಮದುವೆ ಮಾಡಿಕೊಟ್ಟಿದ್ದ ಮಗಳು ವೇಣಿ ಅಪ್ಪನ ಸ್ಥಿತಿ ನೋಡಲಾರದೆ ಕಿವಿಯ ಮಷೀನು ತಂದುಕೊಟ್ಟಳು. ಕುಯ್ಯೋ ಅನ್ನುತ್ತೆ ಎಂದು ಎರಡೇ ದಿನದಲ್ಲಿ ಕಿತ್ತಿಟ್ಟರು. ಕಿವುಡರಿಗೆ ಕುಯ್ಯೋ ಅನ್ನುವುದು ಹೇಗೆ ಕೇಳಿಸಿತು ಎಂದು ಯಾರೂ ಕೇಳಲಿಲ್ಲ. ವಯಸ್ಸಾದವರ ಮೇಲೆ ಅಷ್ಟೊಂದು ಅನುಮಾನ ಪಡುವ ಜನ ಅಲ್ಲ ನಮ್ಮವರು.

ಭದ್ರಮ್ಮ ಮೊದಮೊದಲು ಗಂಟಲು ಹರಿದುಕೊಂಡು ಕೂಗಿದಳು. ಕೂಗಿದ್ದೆಲ್ಲ ನಾಲ್ಕೂ ಮಹಡಿಗೆ ಕೇಳಿಸತೊಡಗಿದ ಮೇಲೆ ಕೂಗುವುದನ್ನು ಬಿಟ್ಟಳು. ಆಮೇಲೆ ನಿಧಾನವಾಗಿ, ತನಗೇ ಅರಿವಿಲ್ಲದ ಹಾಗೆ, ಸಣ್ಣ ದನಿಯಲ್ಲಿ ಗಂಡನೆದುರಿಗೆ ತನ್ನಷ್ಟಕ್ಕೆ ಮಾತಾಡುವ ಅಭ್ಯಾಸ ಮಾಡಿಕೊಂಡಳು. ಎದುರಿಗೊಂದು ಮುಖ ಇರುತ್ತದೆ, ತಿರುಗಿ ಬೈಯುವುದಿಲ್ಲ. ಹೆಂಗಸರಿಗೆ ಇಂಥ ಅನುಕೂಲ ಎಲ್ಲಿ ಸಿಗುತ್ತದೆ ಹೇಳಿ. ಅತ್ತೆ ಕಾಫಿಪುಡಿ ಡಬ್ಬಿಗೆ ಬೀಗ ಹಾಕುತ್ತಿದ್ದದ್ದು, ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದಾಗ ತಾನು ಹಿತ್ತಲಲ್ಲಿ ಕೂತು ಅತ್ತದ್ದು, ಹೊಲದಲ್ಲಿ ಜೆಸಿಬಿ ಇಳಿದ ದಿವಸ ತನಗೆ ಊಟ ಸೇರದೆ ಹೋದದ್ದು, ಎಲ್ಲ ಒಂದೊಂದಾಗಿ ಹೊರಗೆ ಬಂತು. ಲಕ್ಷ್ಮಯ್ಯನವರು ಪೇಪರಿನ ಮರೆಯಲ್ಲಿ ಕೂತು ಧಾರಾವಾಹಿ ಕೇಳಿದ ಹಾಗೆ ಕೇಳಿಸಿಕೊಂಡರು. ತಮ್ಮ ತಾಯಿಯ ಸುದ್ದಿ ಬಂದಾಗ ಮಾತ್ರ ಕೋಪ ಬರುತ್ತಿತ್ತು. ಆದರೆ ಏನು ಮಾಡುವುದು, ಕಿವುಡರು ಕೋಪ ಮಾಡಿಕೊಳ್ಳುವ ಹಾಗಿಲ್ಲವಲ್ಲ.

ಹೀಗಿರುವಾಗ ಒಂದು ಸಂಕ್ರಾಂತಿಗೆ ಮುಂಚೆ, ಅವರೆಕಾಯಿ ಕಾಲದಲ್ಲಿ, ಗಂಡ ಹೆಂಡತಿ ಇಬ್ಬರೂ ನಡುಮನೆಯಲ್ಲಿ ಕೂತು ನೆನೆಸಿದ ಕಾಳು ಹಿದುಕುತ್ತಿದ್ದರು. ಹೆಬ್ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಬೋಗುಣಿಯಲ್ಲಿ. ಭದ್ರಮ್ಮ ಕಾಳಿನಿಂದ ಕಣ್ಣೆತ್ತದೆ ಹೇಳಿದಳು.

‘ಎಡಗಡೆ ಎದೇಲಿ ಒಂದು ಗಂಟು ಸಿಕ್ತದೆ ಕಣ್ರೀ. ಮುಟ್ಟಿದ್ರೆ ನೋಯಲ್ಲ. ಯಾರ್ಗೆ ಏಳ್ಲಿ? ವೇಣಿಗೆ ಏಳುದ್ರೆ ಕೈಮಗು ಎತ್ಕೊಂಡು ಓಡ್ಬತ್ತಾಳೆ. ಭಯ ಆಯ್ತದೆ.’

ಲಕ್ಷ್ಮಯ್ಯನವರ ಬೆರಳು ಒಂದು ಗಳಿಗೆ ನಿಂತಿತು. ಆಮೇಲೆ ಇನ್ನೊಂದು ಕಾಳು ತೆಗೆದುಕೊಂಡು ಹಿದುಕಿದರು.

ಎದೆ ಹೊಡೆದುಕೊಳ್ಳಲಿಲ್ಲವೆ? ಹೊಡೆದುಕೊಂಡಿತು. ಕಲ್ಲಲ್ಲ ಅವರು. ಆ ವಾರವೆಲ್ಲ ನಿದ್ದೆ ಸರಿಯಾಗಿ ಬರಲಿಲ್ಲ. ಆಸ್ಪತ್ರೆಗೆ ನಡಿ ಅನ್ನಬೇಕು ಎಂದು ಎಷ್ಟೋ ಸಲ ಬಾಯಿತನಕ ಬಂತು. ಅಂದರೆ ಮುಂದೇನು? ‘ನಿಮ್ಗೆಂಗೆ ಗೊತ್ತಾಯ್ತು’ ಎಂದು ಕೇಳುತ್ತಾಳೆ. ಇಷ್ಟು ವರ್ಷದ ‘ಆ?’ಗಳೆಲ್ಲ ಒಂದೇ ಏಟಿಗೆ ಬಟಾಬಯಲಾಗುತ್ತವೆ. ಅತ್ತೆಯ ಕಾಫಿಪುಡಿಯಿಂದ ಹಿಡಿದು ಎಲ್ಲ ಕೇಳಿಸಿಕೊಂಡೇ ಸುಮ್ಮನಿದ್ದರು ಎಂದು ಗೊತ್ತಾಗುತ್ತದೆ. ತಾನೇ ಮಗಳಿಗೆ ಹೇಳುತ್ತಾಳೆ ಬಿಡು, ಹೆಂಗಸರ ವಿಷಯ ಹೆಂಗಸರೇ ನೋಡಿಕೊಳ್ಳುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಅಂಥ ಸಮಾಧಾನ ಹೇಳಿಕೊಳ್ಳುವುದರಲ್ಲಿ ಲಕ್ಷ್ಮಯ್ಯನವರು ಪಳಗಿದ ಕೈ.

ಭದ್ರಮ್ಮ ಹೇಳಲಿಲ್ಲ. ಯುಗಾದಿಗೆ ಬಂದ ವೇಣಿ, ಒಬ್ಬಟ್ಟು ತಟ್ಟುವಾಗ ಅಮ್ಮ ಎಡಗೈ ಎತ್ತಲಾರದ್ದು ನೋಡಿ, ಗದರಿಸಿ ಕೇಳಿ, ಮಾರನೇ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಗಂಟು ತೆಗೆದರು. ಸದ್ಯ, ಕೆಟ್ಟದ್ದಲ್ಲ ಎಂದರು. ‘ಇಷ್ಟು ದೊಡ್ಡದಾಗೋವರೆಗೂ ಯಾಕಮ್ಮ ಬಿಟ್ರಿ? ಮನೇಲಿ ಯಾರಿಗೂ ಹೇಳ್ಲಿಲ್ವಾ?’ ಎಂದು ಡಾಕ್ಟರಮ್ಮ ರೇಗಿದಳು. ‘ಇಲ್ಲ ಕಣವ್ವ, ಯಾರ್ಗೂ ಏಳಿರ್ಲಿಲ್ಲ’ ಎಂದಳು ಭದ್ರಮ್ಮ. ಪಕ್ಕದಲ್ಲೇ ಕೂತಿದ್ದ ಲಕ್ಷ್ಮಯ್ಯನವರು ಫ್ಯಾನು ನೋಡಿದರು. ಆಗಾಗ ಬಂದು ತೋರಿಸಿಕೊಂಡು ಹೋಗಬೇಕು, ಇಂಥದ್ದು ಮತ್ತೆ ಬರಬಹುದು ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಭದ್ರಮ್ಮ ಮತ್ತೆ ಎಂದಿನಂತೆ ಗಂಡನೆದುರಿಗೆ ಮಾತಾಡಿಕೊಂಡಳು, ಲಕ್ಷ್ಮಯ್ಯನವರು ಮತ್ತೆ ಎಂದಿನಂತೆ ಕೇಳಿಸಿಕೊಂಡರು. ಬಚಾವಾದೆ ಎಂದುಕೊಂಡರು. ಬಚಾವಾದದ್ದು ಹೆಂಡತಿಯೋ ತಾವೋ ಎಂದು ಯೋಚಿಸುವ ಗೋಜಿಗೆ ಹೋಗಲಿಲ್ಲ.

ಎರಡನೇ ಮಹಡಿಗೆ ಶೈಲಶ್ರೀ ಎಂಬ ಹುಡುಗಿ ಬಾಡಿಗೆಗೆ ಬಂದದ್ದು ಆ ವರ್ಷವೇ. ಪೀಣ್ಯದಲ್ಲಿ ಮೊದಲು ನಟ್ಟು ಬೋಲ್ಟು ಮಾಡುತ್ತಿದ್ದ ಶೆಡ್ಡಿಗೆ ಗಾಜು ಹೊದಿಸಿ, ಒಳಗೆ ತಲೆಯ ಸ್ಕ್ಯಾನು ಮಾಡುವ ದೊಡ್ಡ ಯಂತ್ರ ತಂದಿಟ್ಟು, ನಾದಮಿತ್ರ ಎಂದು ಬೋರ್ಡು ಹಾಕಿದ್ದ ಕಂಪನಿಯಲ್ಲಿ ಅವಳಿಗೆ ಕೆಲಸ. ಒಳ್ಳೆಯ ಹುಡುಗಿ, ಮಾತು ಜಾಸ್ತಿ. ಭದ್ರಮ್ಮನ ಅಡುಗೆಮನೆಯ ಕಟ್ಟೆ ಹತ್ತಿ ಕೂತು ತನ್ನ ಸಂಶೋಧನೆಯನ್ನು ವಿವರಿಸುತ್ತಿದ್ದಳು.

‘ಇಷ್ಟು ದಿನ ಕುಯ್, ಕುಯ್ ಅಂತ ಒಂದೊಂದೇ ಶಬ್ದ ಕೇಳ್ಸಿ ಮಿದುಳು ಏನ್ಮಾಡುತ್ತೆ ಅಂತ ನೋಡ್ತಿದ್ರು ಆಂಟಿ. ಬದುಕು ಹಾಗಿರಲ್ವಲ್ಲ? ಕುಕ್ಕರು, ಕಾಗೆ, ಲಾರಿ, ನೀವು, ಎಲ್ಲಾ ಒಟ್ಟಿಗೇ ಕಿವಿಗೆ ಬೀಳುತ್ತೆ. ಆ ಗೋಜಲಲ್ಲಿ ಮಿದುಳು ಯಾವ್ದನ್ನ ಹಿಡ್ಕೊಳ್ಳುತ್ತೆ, ಯಾವ್ದನ್ನ ಬಿಡುತ್ತೆ ಅಂತ ನಾವು ನೋಡ್ತೀವಿ. ಕಿವಿ ಮಂದ ಇರೋರು ಬೇಕಾಗಿತ್ತು. ಅಂಕಲ್‌ನ ಕರ್ಕೊಂಡು ಹೋಗ್ಲಾ?’

‘ಕರ್ಕೊಂಡೋಗವ್ವ, ಏನಾದ್ರೂ ದಾರಿ ಸಿಕ್ಕುದ್ರೆ ಸಿಗ್ಲಿ’ ಎಂದಳು ಭದ್ರಮ್ಮ. ‘ನಂಗೂ ಗೋಡೆ ಕೂಟೆ ಮಾತಾಡಿ ಮಾತಾಡಿ ಸಾಕಾಗೋಯ್ತು.’

ಗೋಡೆ ಆಚೆ ಕೂತು ಲಕ್ಷ್ಮಯ್ಯನವರು ಎಲ್ಲ ಕೇಳಿಸಿಕೊಂಡರು. ಬೆವರಿದರು. ಬರುವುದಿಲ್ಲ ಎಂದು ಕಿರುಚಬೇಕು ಅನ್ನಿಸಿತು. ಕಿರುಚುವುದು ಹೇಗೆ? ಕೇಳಿಸದ ಮಾತಿಗೆ ಒಲ್ಲೆ ಅನ್ನಲಾಗುತ್ತದೆಯೆ? ಶೈಲಶ್ರೀ ಒಂದು ಪುಟ್ಟ ರೆಕಾರ್ಡರನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಇಡೀ ದಿನದ ಸದ್ದು ತುಂಬಿಕೊಂಡಳು. ಭಾನುವಾರ ಬೆಳಿಗ್ಗೆ ಇಬ್ಬರೂ ಹೆಂಗಸರು ಸೇರಿ ಲಕ್ಷ್ಮಯ್ಯನವರಿಗೆ ಇಸ್ತ್ರಿ ಅಂಗಿ ತೊಡಿಸಿ, ಕೈಸನ್ನೆ ಮಾಡಿ, ಕಾರಿನಲ್ಲಿ ಕೂರಿಸಿಕೊಂಡು ಹೊರಟೇಬಿಟ್ಟರು. ‘ಎಲ್ಲಿಗೆ? ಎಲ್ಲಿಗೆ?’ ಎಂದು ಇವರು ದಾರಿಯುದ್ದಕ್ಕೂ ಏನೂ ತಿಳಿಯದವರ ಹಾಗೆ ಕೇಳಬೇಕಾಯಿತು.

ನಾದಮಿತ್ರದ ಯಜಮಾನ ಡಾಕ್ಟರ್ ಪ್ರಸನ್ನ. ಅಮೆರಿಕದಲ್ಲಿ ಓದಿ ಬಂದವನು, ವೇದಿಕೆ ಇಲ್ಲದಿದ್ದರೂ ಭಾಷಣ ಮಾಡುವ ಗಿರಾಕಿ. ಅವನು ಲಕ್ಷ್ಮಯ್ಯನವರ ಮುಖದ ಹತ್ತಿರ ಬಂದು, ತುಟಿ ಅಗಲಿಸಿ, ‘ಹೆ-ದ-ರ-ಬೇ-ಡಿ’ ಎಂದು ಕೂಗಿದ. ಕಿವಿಯ ತಮಟೆ ಹರಿದ ಹಾಗಾಯಿತು. ಲಕ್ಷ್ಮಯ್ಯನವರು ಮುಗುಳ್ನಕ್ಕು ‘ಆ?’ ಎಂದರು.

ಮೊದಲು ಸಣ್ಣದೊಂದು ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕೈಗೆ ಬಟನ್ ಕೊಟ್ಟು, ಸದ್ದು ಕೇಳಿಸಿದಾಗ ಒತ್ತಿ ಎಂದು ಸನ್ನೆಯಲ್ಲಿ ಹೇಳಿದರು. ಇದು ಸುಲಭವಾಯಿತು. ಕೇಳಿಸಿದಾಗ ಒತ್ತಲಿಲ್ಲ. ಕೇಳಿಸದಿದ್ದಾಗ ಒಂದೆರಡು ಸಲ ಸುಮ್ಮನೆ ಒತ್ತಿದರು. ತುಂಬ ಗಂಭೀರವಾದ ಕಿವುಡು ಎಂದು ಬರೆದುಕೊಂಡರು. ಅರ್ಧ ಗೆದ್ದೆ ಎಂದು ಲಕ್ಷ್ಮಯ್ಯನವರಿಗೆ ಖುಷಿಯಾಯಿತು.

ಆಮೇಲೆ ಯಂತ್ರ. ಒಳಗೆ ದೊಡ್ಡ ಅಯಸ್ಕಾಂತವಿದೆಯೆಂದು ಉಂಗುರ, ಸರ, ಕೊನೆಗೆ ಸೊಂಟದ ಬೆಳ್ಳಿ ಉಡಿದಾರವನ್ನೂ ಬಿಚ್ಚಿಸಿದರು. ಗಂಡಸಿನ ಉಡಿದಾರ ಬಿಚ್ಚಿಸುವ ವಿಜ್ಞಾನ ಎಂಥದ್ದೋ! ಸುರಂಗದಂಥ ಬಾಯಿಯೊಳಗೆ ಮಲಗಿಸಿ, ತಲೆ ಅಲ್ಲಾಡದಂತೆ ಎರಡೂ ಕಡೆ ದಿಂಬು ಸಿಕ್ಕಿಸಿ, ಕಿವಿಗೆ ಹೆಡ್‌ಫೋನು ಹಾಕಿದರು. ಯಂತ್ರ ಬೋರ್‌ವೆಲ್ ಕೊರೆದ ಹಾಗೆ ಗಡಗಡ ಎನ್ನತೊಡಗಿತು. ಬೆಚ್ಚಿಬೀಳದೆ ಮಲಗಿರುವುದಕ್ಕೆ ಲಕ್ಷ್ಮಯ್ಯನವರು ಪಟ್ಟ ಪಾಡು ಅವರಿಗೇ ಗೊತ್ತು.

ಗಡಗಡದ ನಡುವೆ ತಮ್ಮ ಮನೆಯೇ ಕಿವಿಗೆ ಬಂತು. ಕಾಗೆ, ಕುಕ್ಕರಿನ ಕೂಗು, ನೀರಿನ ಮೋಟಾರು, ಸೊಪ್ಪಿನವಳ ರಾಗ, ಮೇಲೆ ಯಾರದೋ ಗಂಡ ಹೆಂಡಿರ ಜಗಳ. ಅದರೊಳಗೆಲ್ಲೋ ಸಣ್ಣಗೆ ಭದ್ರಮ್ಮನ ದನಿ. ಮೊಸರು ಹುಳಿಯಾಯಿತು ಎನ್ನುತ್ತಿದ್ದಳು, ವೇಣಿಯ ಮಗುವಿಗೆ ಹಲ್ಲು ಬಂತಂತೆ ಎನ್ನುತ್ತಿದ್ದಳು. ಮುಖದ ಒಂದು ನರವೂ ಮಿಸುಕದಂತೆ ಲಕ್ಷ್ಮಯ್ಯನವರು ನೋಡಿಕೊಂಡರು. ಮುಖ ತಮ್ಮದು, ಕೈಕಾಲು ತಮ್ಮದು, ಹೇಳಿದ ಮಾತು ಕೇಳುತ್ತವೆ. ಯಾರು ಏನು ಕಂಡುಹಿಡಿಯುತ್ತಾರೋ ನೋಡೇಬಿಡೋಣ ಎಂದುಕೊಂಡರು. ಮಿದುಳು ಎಂಬುದೂ ತಮ್ಮ ತಲೆಯೊಳಗೇ ಬಾಡಿಗೆಗೆ ಇದೆ, ಅದರ ಮೇಲೆ ತಮ್ಮ ದರ್ಬಾರು ನಡೆಯುವುದಿಲ್ಲ ಎಂದು ಅವರಿಗೆ ಹೊಳೆಯಲಿಲ್ಲ.

ವಾರದ ಮೇಲೆ ಗಂಡ ಹೆಂಡತಿ ಇಬ್ಬರನ್ನೂ ಪೀಣ್ಯಕ್ಕೆ ಕರೆಸಿ, ಗೋಡೆಯಗಲದ ಪರದೆಯ ಮೇಲೆ ತಲೆಯ ಚಿತ್ರ ತೋರಿಸಿದರು. ಬೂದು ಬಣ್ಣದ ಮಿದುಳು, ಅದರ ಎರಡೂ ಪಕ್ಕ ಕೆಂಪು, ಹಳದಿ, ಜಾತ್ರೆಯ ದೀಪ ಹಾಕಿದ ಹಾಗೆ. ಪ್ರಸನ್ನನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

‘ನೋಡಿ ಅಮ್ಮಾ, ಕಿವಿ ಚೆನ್ನಾಗಿರೋರಿಗೂ ಇದೇ ಸದ್ದು ಕೇಳ್ಸಿದೀವಿ. ಅವ್ರ ಮಿದುಳು ಯಾವಾಗ ಏಳುತ್ತೋ ಇವ್ರದ್ದೂ ಆವಾಗ್ಲೇ ಏಳುತ್ತೆ. ಇಳಿದಾಗ ಇಳಿಯುತ್ತೆ. ಅದ್ರಲ್ಲೂ ನಿಮ್ಮ ದನಿ ಬಂದ್ರೆ ಸಾಕು, ಬೇರೆಯವ್ರಿಗಿಂತ ಡಬಲ್! ಕಿವಿ ಸತ್ತಿದೆ, ಮಿದುಳು ಕೇಳಿಸ್ಕೊಳ್ತಿದೆ. ಪ್ರಪಂಚದಲ್ಲೇ ಮೊದಲು!’

ಶೈಲಶ್ರೀ ಮೆಲ್ಲಗೆ, ‘ಸಾರ್, ಅಂಕಲ್‌ಗೆ ಕೇಳಿಸ್ತಾನೇ ಇರಬೌದಲ್ವಾ?’ ಎಂದಳು.

‘ಬಟನ್ ಒತ್ತಿಲ್ವಲ್ಲಮ್ಮ! ಡೇಟಾ ನೋಡು. ಕಿವಿ ಕೇಳಿಸೋನು ಯಾವನಾದ್ರೂ ಬಟನ್ ಒತ್ತದೇ ಇರ್ತಾನಾ? ಯಾಕೆ ಇರ್ತಾನೆ?’

ಎಷ್ಟು ಓದಿದರೇನು, ಪ್ರಸನ್ನನಿಗೆ ಯಾವತ್ತೂ ಬಾಡಿಗೆದಾರರಿರಲಿಲ್ಲ. ಶೈಲಶ್ರೀ ಬಾಯಿ ಮುಚ್ಚಿಕೊಂಡಳು. ಕೆಲಸ ಖಾಯಂ ಆಗಿರಲಿಲ್ಲ ಪಾಪ.

ಭದ್ರಮ್ಮ ಚಿತ್ರವನ್ನೇ ನೋಡುತ್ತಿದ್ದಳು. ‘ಅಂದ್ರೆ ನಾನಾಡಿದ್ ಮಾತೆಲ್ಲ ಇವ್ರ ತಲೆಗೋಯ್ತಾ ಇತ್ತಾ ಸ್ವಾಮಿ?’ ಎಂದು ಕೇಳಿದಳು.

‘ಹೋಗ್ತಿತ್ತಮ್ಮ! ಪೂರ್ತಿ ಹೋಗ್ತಿತ್ತು. ಆದ್ರೆ ಪಾಪ ಇವ್ರಿಗೇ ಅದು ಗೊತ್ತಾಗ್ತಿರ್ಲಿಲ್ಲ.’

ಭದ್ರಮ್ಮ ಗಂಡನ ಕಡೆ ತಿರುಗಿದಳು. ಲಕ್ಷ್ಮಯ್ಯನವರು ಸೀಲಿಂಗ್ ನೋಡಿದರು. ಆಸ್ಪತ್ರೆಯಲ್ಲಿ ಫ್ಯಾನು ನೋಡಿದ ಮುಖವೇ ಅದು, ಅವಳಿಗೆ ಗುರುತು ಸಿಕ್ಕಿರಬೇಕು. ಇಂಥ ಹೊತ್ತಿನಲ್ಲಿ ಹೆಂಗಸರು ಎದೆ ಬಡಿದುಕೊಂಡು ಬೈದರೆ ಗಂಡಸರಿಗೆ ಒಂದು ಥರ ಅನುಕೂಲ. ಭದ್ರಮ್ಮ ‘ಓ’ ಎಂದಳು. ಅಷ್ಟೇ.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ಅಡುಗೆ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಒಗೆದ ಬಟ್ಟೆ ಮಡಚಿ ಹಾಸಿಗೆಯ ಮೇಲೆ ಬರುತ್ತಿತ್ತು, ಆದರೆ ಭದ್ರಮ್ಮನ ಬಾಯಿಂದ ಒಂದು ಪದ ಬರುತ್ತಿರಲಿಲ್ಲ. ಲಕ್ಷ್ಮಯ್ಯನವರು ಬೇಕೆಂದೇ ಪೇಪರು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತು ನೋಡಿದರು. ತರಕಾರಿ ಹೆಚ್ಚುವ ಸದ್ದು ಮಾತ್ರ ಬಂತು. ಇಷ್ಟು ವರ್ಷ ಬೇಡಬೇಡವೆಂದರೂ ಕಿವಿಗೆ ಬೀಳುತ್ತಿದ್ದ ಮಾತು ಈಗ ಬೇಕೆಂದರೂ ಇಲ್ಲ. ಅವರಿಗೆ ಅನ್ನ ಸೇರದಂತಾಯಿತು. ಯಾಕೆಂದು ಕೇಳಿದ್ದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದರು. ಯಾರೂ ಕೇಳಲಿಲ್ಲ.

ಅತ್ತ ಪ್ರಸನ್ನನ ಉತ್ಸಾಹಕ್ಕೆ ಮಿತಿಯೇ ಇರಲಿಲ್ಲ. ದುಡ್ಡು ಹಾಕುವ ದೊಡ್ಡ ಮನುಷ್ಯರು ದೆಹಲಿ, ಸಿಂಗಾಪುರದಿಂದ ಬರುತ್ತಾರಂತೆ. ಅವರ ಕಣ್ಣೆದುರಿಗೇ ಲಕ್ಷ್ಮಯ್ಯನವರನ್ನು ಯಂತ್ರದೊಳಗೆ ಮಲಗಿಸಿ, ಭದ್ರಮ್ಮನಿಂದ ಮೈಕಿನಲ್ಲಿ ಮಾತಾಡಿಸಿ, ಸತ್ತ ಕಿವಿಯ ಹಿಂದಿನ ಬದುಕಿದ ಮಿದುಳನ್ನು ಪರದೆಯ ಮೇಲೆ ತೋರಿಸಬೇಕಂತೆ. ಭದ್ರಮ್ಮ ಬರುವುದಿಲ್ಲ ಎನ್ನುತ್ತಾಳೆಂದು ಲಕ್ಷ್ಮಯ್ಯನವರು ಆಸೆಯಿಟ್ಟುಕೊಂಡಿದ್ದರು. ‘ಬತ್ತೀನಿ’ ಎಂದಳು.

ಹೊರಡುವ ದಿನ ಬೆಳಿಗ್ಗೆ ಭದ್ರಮ್ಮನ ಫೋನು ಬಡಿದುಕೊಂಡಿತು. ಹಿಂದಿನ ವಾರವಷ್ಟೇ ಅವಳು ವೇಣಿಯ ಜೊತೆ ಆಸ್ಪತ್ರೆಗೆ ಹೋಗಿ ಮತ್ತೆ ತೋರಿಸಿಕೊಂಡು ಬಂದಿದ್ದಳು, ರಿಪೋರ್ಟು ಬರಬೇಕಿತ್ತು. ಲಕ್ಷ್ಮಯ್ಯನವರು ಕಿವಿ ನೆಟ್ಟಗೆ ಮಾಡಿದರು. ‘ಊ ಕಣವ್ವ, ನಾನೇ... ಬಂತಾ?... ಏಳಿ, ಪರ್ವಾಗಿಲ್ಲ ಏಳಿ...’ ಎಂದವಳು ಗಂಡನ ಕಡೆ ಒಂದು ಸಲ ನೋಡಿ, ಫೋನು ಹಿಡಿದುಕೊಂಡೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಅತ್ತಿದ್ದಳೋ, ಸುಮ್ಮನೆ ತೊಳೆದುಕೊಂಡಳೋ ತಿಳಿಯಲಿಲ್ಲ. ರಿಪೋರ್ಟು ಏನಂತೆ ಎಂದು ಕೇಳಲು ಲಕ್ಷ್ಮಯ್ಯನವರು ಅರ್ಧ ಎದ್ದು, ಮತ್ತೆ ಕೂತು ಪೇಪರು ಎತ್ತಿಕೊಂಡರು. ಕಾರು ಬಂದು ಹಾರ್ನ್ ಹೊಡೆಯಿತು. ಅದೂ ಕೇಳಿಸಲಿಲ್ಲವೆಂಬಂತೆ ಅವರು ಕೂತೇ ಇದ್ದರು, ಭದ್ರಮ್ಮ ಕೈಸನ್ನೆಯಿಂದ ಏಳಿಸಿದಳು.

ಯಂತ್ರದೊಳಗೆ ಮಲಗಿದ ಮೇಲೆ ಲಕ್ಷ್ಮಯ್ಯನವರಿಗೆ ಕಾಣುತ್ತಿದ್ದದ್ದು ಮೂಗಿನ ಮೇಲಿನ ಬಿಳಿ ಛಾವಣಿ ಮಾತ್ರ. ಗಾಜಿನಾಚೆಯ ಕೋಣೆಯ ಮೈಕು ತೆರೆದೇ ಇತ್ತು. ಅಲ್ಲಿನ ಮಾತೆಲ್ಲ ಹೆಡ್‌ಫೋನಿನಲ್ಲಿ ಬರುತ್ತಿತ್ತು. ಕಿವುಡರಲ್ಲವೆ, ಯಾರು ತಾನೆ ಮುಚ್ಚುತ್ತಾರೆ? ಪ್ರಸನ್ನ ಇಂಗ್ಲಿಷಿನಲ್ಲಿ ಭೋರ್ಗರೆಯುತ್ತಿದ್ದ. ದೊಡ್ಡ ಮನುಷ್ಯರು ಬಿಸ್ಕತ್ತು ಕಡಿಯುವುದೂ ಕೇಳಿಸುತ್ತಿತ್ತು.

‘ಆಂಟಿ, ಇಲ್ಲಿ ಮಾತಾಡಿ’ ಎಂದಳು ಶೈಲಶ್ರೀ. ‘ಮನೇಲಿ ಹೇಗೆ ಮಾತಾಡ್ತೀರೋ ಹಾಗೇ. ಪರದೆ ಮೇಲೆ ಬಣ್ಣ ಬರೋಕೆ ಒಂದು ಸ್ವಲ್ಪ ಹೊತ್ತು ಹಿಡಿಯುತ್ತೆ, ಮಿದುಳಿನ ಆ ಜಾಗಕ್ಕೆ ರಕ್ತ ಹರಿದು ಬರಬೇಕಲ್ಲ.’

‘ಅವ್ರು ಮಧ್ಯದಲ್ಲಿ ಎದ್ದೋಗಕ್ಕಾಗಲ್ವಾ?’

‘ಇಲ್ಲ ಆಂಟಿ. ತಲೆ ಅಲ್ಲಾಡ್ಸೋ ಹಾಗೂ ಇಲ್ಲ.’

‘ಅಂಗಾದ್ರೆ ಸರಿ.’

ಕುರ್ಚಿ ಎಳೆದ ಸದ್ದಾಯಿತು. ಒಂದು ಉಸಿರು ಕೇಳಿಸಿತು. ಎಷ್ಟೋ ದಿನಗಳ ಮೇಲೆ ಭದ್ರಮ್ಮನ ದನಿ, ಹಣೆಗೆ ಹಣೆ ತಾಗಿಸಿ ಕೂತಷ್ಟು ಹತ್ತಿರದಿಂದ, ಲಕ್ಷ್ಮಯ್ಯನವರ ಕಿವಿಗೆ ಬಿತ್ತು.

‘ರೀ. ಅವತ್ತು ಅವರೆಕಾಳು ಇದುಕ್ತಾ ಇದ್ವಲ್ಲ, ಗಂಟು ಸಿಕ್ತದೆ ಅಂದೆ. ಭಯ ಆಯ್ತದೆ ಅಂದೆ. ನಿಮ್ಗೆ ಕೇಳುಸ್ತು.’

ಅವಳು ಸುಮ್ಮನಾದಳು. ಬಣ್ಣ ಬರಲಿ ಎಂದು ಕಾಯುತ್ತಿದ್ದಾಳೆ ಎಂದು ಲಕ್ಷ್ಮಯ್ಯನವರಿಗೆ ಅರ್ಥವಾಯಿತು. ಬರಬೇಡ, ಬರಬೇಡ ಎಂದು ತಮ್ಮ ರಕ್ತವನ್ನು ಬೇಡಿಕೊಂಡರು. ಆಚೆ ಕೋಣೆಯಲ್ಲಿ ‘ವಾವ್’ ಎಂದಿತು ಒಂದು ದನಿ. ಚಪ್ಪಾಳೆ ಬಿತ್ತು.

‘ಊ. ಬಂತು ನೋಡಿ’ ಎಂದಳು ಭದ್ರಮ್ಮ. ‘ಇನ್ನೊಂದು ಕಾಳು ತಗೊಂಡು ಇದುಕುದ್ರಿ ನೀವು. ಯುಗಾದಿಗಂಟ ಅದನ್ನ ಮೈಯಲ್ಲಿಟ್ಕೊಂಡು ನಿಮ್ಗೆ ಅನ್ನ ಬೇಯ್ಸಾಕಿದೀನಿ. ನೀರಿನ ವಿಷ್ಯಕ್ಕೆ ಕಿವುಡಾಗಿದ್ರಿ, ಆಗ್ಲಿ. ನಿಮ್ಮವ್ವನ ವಿಷ್ಯಕ್ಕೆ ಕಿವುಡಾಗಿದ್ರಿ, ಆಗ್ಲಿ. ನಾನ್ ಸತ್ತೋಯ್ತೀನೇನೋ ಅಂದಾಗ್ಲೂ ಕಿವುಡಾಗಿದ್ರಲ್ಲ ನೀವು, ಅದೆಂಗೆ? ಅದೊಂದು ಏಳಿ ನಂಗೆ.’

ಚಪ್ಪಾಳೆ ಇನ್ನೂ ಜೋರಾಯಿತು. ಈ ಅಮ್ಮ ಏನು ಹೇಳುತ್ತಿದ್ದಾರೆ ಎಂದು ಯಾರೋ ಇಂಗ್ಲಿಷಿನಲ್ಲಿ ಕೇಳಿದರು. ‘ಹಳೆಯ ನೆನಪುಗಳು. ಇಬ್ಬರೂ ಒಟ್ಟಿಗೆ ಅಡುಗೆ ಮಾಡುತ್ತಿದ್ದ ದಿನಗಳು’ ಎಂದು ಪ್ರಸನ್ನ ಅದೇ ಭಾಷೆಯಲ್ಲಿ ವಿವರಿಸಿದ. ಒಬ್ಬ ಹೆಂಗಸು ‘ಹೌ ಸ್ವೀಟ್’ ಎಂದಳು.

ಲಕ್ಷ್ಮಯ್ಯನವರ ಕಣ್ಣಿಂದ ನೀರಿಳಿದು ಕಿವಿಯ ಹೆಡ್‌ಫೋನಿನೊಳಗೆ ಹೋಯಿತು. ಒರೆಸಿಕೊಳ್ಳಲು ಕೈ ಎತ್ತುವ ಹಾಗಿಲ್ಲ. ಗೇಟಿನ ಪಕ್ಕದ ಕುರ್ಚಿಯಿರಲಿಲ್ಲ, ಮುಖ ಮುಚ್ಚಿಕೊಳ್ಳಲು ಪೇಪರಿರಲಿಲ್ಲ, ‘ಆ?’ ಎಂದರೆ ನಂಬುವ ಒಬ್ಬ ಹೆಂಡತಿಯೂ ಇರಲಿಲ್ಲ. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಏನಾದರಾಗಲಿ ಎಂದುಕೊಂಡರು.

‘ಕೇಳುಸ್ತು ಕಣೇ!’ ಎಂದು ಕೂಗಿದರು. ಆ ಸುರಂಗದಲ್ಲಿ ಅವರ ದನಿ ಅವರಿಗೇ ಬಂದು ಬಡಿಯಿತು. ‘ಎಲ್ಲಾ ಕೇಳುಸ್ತು ಭದ್ರಿ! ಮೊದ್ಲಿಂದ್ಲೂ ಕೇಳುಸ್ತು! ಎದರ್ಕೊಂಬಿಟ್ಟೆ, ತಪ್ಪಾಯ್ತು! ಬೆಳಿಗ್ಗೆ ಫೋನ್ ಬಂತಲ್ಲ, ರಿಪೋರ್ಟ್ ಏನಂತೆ? ಏಳೇ!’

‘ಅಂಕಲ್, ತಲೆ ಅಲ್ಲಾಡಿಸ್ಬೇಡಿ, ಚಿತ್ರ ಹಾಳಾಗುತ್ತೆ’ ಎಂದು ಶೈಲಶ್ರೀ ಗಾಬರಿಯಿಂದ ಅಂದಳು.

ಅಷ್ಟರಲ್ಲಿ ಪ್ರಸನ್ನನ ದನಿ ಕೋಣೆಯನ್ನೆಲ್ಲ ತುಂಬಿತು. ಎಲ್ಲ ಮುಗಿಯಿತು, ಈಗ ಇವನು ನನ್ನನ್ನು ಪೊಲೀಸಿಗೆ ಕೊಡುತ್ತಾನೆ ಎಂದು ಲಕ್ಷ್ಮಯ್ಯನವರು ಕಣ್ಣು ಮುಚ್ಚಿಕೊಂಡರು. ಪ್ರಸನ್ನ ಒಂದು ಗಳಿಗೆ ತಬ್ಬಿಬ್ಬಾದದ್ದು ಹೌದು. ಆದರೆ ಎದುರಿಗೆ ದುಡ್ಡು ಹಾಕುವವರು ಕೂತಿರುವಾಗ ಅಂಥವರು ಬಹಳ ಹೊತ್ತು ತಬ್ಬಿಬ್ಬಾಗಿರುವುದಿಲ್ಲ. ‘ಉತ್ತರ ಕೊಟ್ಟರು! ನೀವೇ ಸಾಕ್ಷಿ! ಪ್ರೀತಿಸಿದವರ ದನಿಯನ್ನು ಮತ್ತೆ ಮತ್ತೆ ಕೇಳಿಸಿದ್ದರಿಂದ ಸತ್ತ ದಾರಿ ತೆರೆದುಕೊಂಡಿತು! ನಾವು ಕಂಡುಹಿಡಿದದ್ದು ಬರೀ ಚಿತ್ರವಲ್ಲ, ಚಿಕಿತ್ಸೆ!’ ಎಂದು ಇಂಗ್ಲಿಷಿನಲ್ಲಿ ಅಬ್ಬರಿಸಿದ. ದೆಹಲಿಯೂ ಸಿಂಗಾಪುರವೂ ಎದ್ದು ನಿಂತು ಚಪ್ಪಾಳೆ ತಟ್ಟಿದವು.

ಮಂಚವನ್ನು ಹೊರಗೆಳೆದರು. ಯಾರೋ ಶಾಲು ಹೊದಿಸಿದರು. ಯಾರೋ ಕಿವಿಯ ಹತ್ತಿರ ಚಿಟಿಕೆ ಹೊಡೆದು, ಇವರು ತಿರುಗಿದ್ದೇ ತಡ, ಫೋಟೋ ತೆಗೆದರು. ಲಕ್ಷ್ಮಯ್ಯನವರು ಎಲ್ಲರನ್ನೂ ತಳ್ಳಿಕೊಂಡು ಗಾಜಿನ ಕೋಣೆಗೆ ಓಡಿದರು. ಮೈಕಿನ ಮುಂದಿನ ಕುರ್ಚಿ ಖಾಲಿಯಿತ್ತು.

‘ಭದ್ರಿ ಎಲ್ಲವ್ಳೆ?’

‘ಆಂಟಿ ಹೋದ್ರು ಅಂಕಲ್’ ಎಂದಳು ಶೈಲಶ್ರೀ. ಅವಳ ಕಣ್ಣೂ ಒದ್ದೆಯಾಗಿತ್ತು. ‘ನೀವು ಬಾಯಿಬಿಡೋಕೆ ಮುಂಚೇನೇ ಎದ್ರು. ಆಟೋ ಹತ್ಸೋಣ ಅಂತ ಹಿಂದೇನೇ ಹೋದೆ, ಬಾಗಿಲಿಂದಾನೇ ನನ್ನ ವಾಪಸ್ ಕಳಿಸಿಬಿಟ್ರು. ವೇಣಿ ಅಕ್ಕನ ಮನೆಗೆ ಹೋಗ್ತೀನಿ ಅಂದ್ರು.’

‘ನಾನ್ ಕೂಗಿದ್ದು ಕೇಳ್ಸಿಲ್ವಾ ಅವ್ಳಿಗೆ?’

‘ಇಲ್ಲ ಅಂಕಲ್.’

‘ರಿಪೋರ್ಟು? ಬೆಳಿಗ್ಗೆ ಫೋನು ಬಂದಿತ್ತಲ್ಲ, ಏನಾದ್ರೂ ಏಳುದ್ಲಾ? ಒಳ್ಳೇದಂತಾ? ಮತ್ತೆ ಬಂದದಂತಾ?’

ಶೈಲಶ್ರೀ ನೆಲ ನೋಡಿದಳು. ಆಚೆ ಪ್ರಸನ್ನ, ಕಿವಿ ಬಂದ ಯಜಮಾನರನ್ನು ಕರೆತನ್ನಿ, ಮಾತಾಡಿಸಬೇಕು ಎಂದು ಕೂಗುತ್ತಿದ್ದ.

‘ನಂಗೆ ಹೇಳಿದಾರೆ ಅಂಕಲ್’ ಎಂದಳು. ‘ನಿಮಗೆ ಹೇಳ್ಬೇಡ ಅಂದಿದಾರೆ.’